ಇಂಡಿಗೂ ಇಂಡಿ ರೋಡಿಗೂ ನಡುವೆ

ಹೊಸಬರು ಇಂಡಿ ರೋಡ್ ನಿಲ್ದಾಣದಲ್ಲಿ ಇಳಿದು 'ಊರು ಎಲ್ಲಿದೆ?' ಎಂದು ಕೇಳುವುದುಂಟು. ಊರು ಅಲ್ಲಿಲ್ಲ. ಪೂರ್ವಕ್ಕೆ ಕೆಲವು ಹರದಾರಿ ಹೋಗಬೇಕು. ಬಸವನ ಬಾಗೇವಾಡಿ ರೋಡ್ ನಿಲ್ದಾಣದ ಕತೆಯೂ ಇದೇ. ಊರಿನ ಹೆಸರಿನೊಂದಿಗೆ ರೈಲ್ವೆಯವರು 'ರೋಡ್' ಎಂದು ಸೇರಿಸಿದರೆ, ಊರಿಗೆ ಹೋಗುವ ದಾರಿ ಮಾತ್ರ ಇಲ್ಲಿದೆ ಎಂದರ್ಥ. ಸಿಂದಗಿ, ಮುದ್ದೇಬಿಹಾಳಗಳಿಗೆ ಅಂಥ ಫಲಕವೂ ದೊರೆಯಲಿಲ್ಲ. ಸಿಂದಗಿಯವರು ವಿಜಯಪುರಕ್ಕೋ ಇಂಡಿ ರೋಡಿಗೋ, ಮುದ್ದೇಬಿಹಾಳದವರು ಆಲಮಟ್ಟಿಗೋ ಹೋಗಿ ರೈಲು ಹಿಡಿಯಬೇಕಾಯಿತು.

ಈ ಕೆಲವು ಹರದಾರಿಗಳಲ್ಲೇನು ವಿಶೇಷ ಎಂದು ಇಂದಿನ ಮಕ್ಕಳು ಕೇಳಬಹುದು. 1876ರಿಂದ 78ರವರೆಗಿನ ಭೀಕರ ಬರಗಾಲವನ್ನು ನೆನೆದರೆ ಉತ್ತರ ಸಿಗುತ್ತದೆ. ಆಗ ಈ ಸೀಮೆ ಕಲಾದಗಿ ಜಿಲ್ಲೆಗೆ ಸೇರಿತ್ತು. ಮುಂಬಯಿಯಿಂದ ಹೊರಟ ರೈಲುಮಾರ್ಗ ಸೊಲ್ಲಾಪುರ ದಾಟಿ 1871ರಲ್ಲೇ ರಾಯಚೂರು ಮುಟ್ಟಿತ್ತು. ಆದ್ದರಿಂದ ಸೊಲ್ಲಾಪುರದವರೆಗೆ ಧಾನ್ಯ ತರುವುದು ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ಅಲ್ಲಿಂದ ಮುಂದೆ. ಸೊಲ್ಲಾಪುರದಿಂದ ವಿಜಯಪುರಕ್ಕೆ ಸುಮಾರು ನೂರು ಕಿಲೋಮೀಟರ್. ಬಾಗೇವಾಡಿ, ಮುದ್ದೇಬಿಹಾಳ ಇನ್ನೂ ಆಚೆ. ಎತ್ತಿನ ಬಂಡಿ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ನಡೆದರೂ ಹೋಗಲು ಐದು ದಿನ, ಬರಲು ಐದು ದಿನ. ಈ ಹತ್ತು ದಿನ ಎತ್ತು ಏನು ಮೇಯಬೇಕು? ಮನುಷ್ಯನಿಗೆ ಕಾಳಿಲ್ಲದ ಕಾಲದಲ್ಲಿ ಎತ್ತಿಗೆ ಕಣಿಕೆ ಎಲ್ಲಿಂದ ಬರಬೇಕು? 1872ರಲ್ಲಿದ್ದ ಜಿಲ್ಲೆಯ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ ಇಳಿದಿತ್ತು.

ಬರದ ನಾಡುಗಳಿಗೆ ರೈಲು ಬೇಕೆಂದು 1880ರ ಕ್ಷಾಮ ಆಯೋಗ ಸಲಹೆ ಮಾಡಿತು. ಸದರ್ನ್ ಮರಾಠಾ ರೈಲ್ವೆ ಕಂಪನಿಯ ಹೋಟಗಿ–ಗದಗ ಮಾರ್ಗ 1884ರಲ್ಲಿ ತೆರೆಯಿತು. ಭೀಮಾ, ಕೃಷ್ಣಾ, ಘಟಪ್ರಭಾ, ಮಲಪ್ರಭಾ ನಾಲ್ಕೂ ಹೊಳೆಗಳನ್ನು ದಾಟಿ ಅದು ಗದಗ ಸೇರುತ್ತದೆ. ಮರುವರ್ಷವೇ, 1885ರಲ್ಲಿ, ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂತು. ಹಳಿ ಸಿಕ್ಕ ಊರು ಬೆಳೆಯಿತು. ಸಿಗದ ಊರು ದಾರಿ ಕಾಯಿತು.

ಹಳಿಯನ್ನು ಸ್ವಲ್ಪ ಬಾಗಿಸಿ ಎಲ್ಲ ಊರುಗಳನ್ನೂ ಮುಟ್ಟಿಸಬಹುದಿತ್ತಲ್ಲವೇ? ಇಲ್ಲಿ ವಿಜ್ಞಾನದ ಪಾಠವೊಂದಿದೆ. ಸಮತಟ್ಟಾದ ಹಳಿಯ ಮೇಲೆ ಒಂದು ಟನ್ ಭಾರವನ್ನು ಎಳೆಯಲು ಕೆಲವೇ ಕಿಲೋಗ್ರಾಂ ತೂಕದಷ್ಟು ಬಲ ಸಾಕು. ನೂರು ಮೀಟರಿಗೆ ಒಂದು ಮೀಟರ್ ಏರು ಬಂದರೆ ಪ್ರತಿ ಟನ್ನಿಗೂ ಇನ್ನೂ ಹತ್ತು ಕಿಲೋಗ್ರಾಂನಷ್ಟು ಬಲ ಬೇಕಾಗುತ್ತದೆ. ಸಾಲದ್ದಕ್ಕೆ ಪ್ರತಿ ತಿರುವಿನಲ್ಲಿ ಘರ್ಷಣೆ, ಪ್ರತಿ ಹಳ್ಳಕ್ಕೆ ಸೇತುವೆ. ಆದ್ದರಿಂದಲೇ ರೈಲ್ವೆ ಎಂಜಿನಿಯರರು ಊರಿಗಿಂತ ಮೊದಲು ನೆಲದ ಏರಿಳಿತವನ್ನು ನೋಡುತ್ತಾರೆ.

ಹೀಗಾಗಿ ಊರಿಗೂ ಹಳಿಗೂ ನಡುವಿನ ಕೊಂಡಿಯಾದದ್ದು ನಿಲ್ದಾಣದ ಬದಿಯ ಗೂಡ್ಸ್ ಶೆಡ್ಡು. ಜೋಳ, ಅರಳೆಯ ಚೀಲಗಳು ಚಕ್ಕಡಿಯಿಂದ ಇಲ್ಲಿ ಇಳಿಯಬೇಕು, ಇಲ್ಲಿಂದ ವ್ಯಾಗನ್ ಏರಬೇಕು. ಹೋಟಗಿಯಲ್ಲಿ ಮತ್ತೊಂದು ತೊಡಕು. ಈ ಮಾರ್ಗ ಮೀಟರ್‌ಗೇಜ್, ಅಂದರೆ ಹಳಿಗಳ ನಡುವೆ 1000 ಮಿಲಿಮೀಟರ್. ಮುಂಬಯಿ ಮಾರ್ಗ ಬ್ರಾಡ್‌ಗೇಜ್, 1676 ಮಿಲಿಮೀಟರ್. ಈ ವ್ಯಾಗನ್ ಆ ಹಳಿಗೆ ಹೋಗದು. ಒಂದೊಂದು ಚೀಲವನ್ನೂ ಹಮಾಲರು ಬೆನ್ನ ಮೇಲೆ ಹೊತ್ತು ಬದಲಿಸಬೇಕು. ನಕ್ಷೆಯಲ್ಲಿ ಕೂಡಿದಂತೆ ಕಾಣುವ ಎರಡು ಗೆರೆಗಳನ್ನು ನಿಜವಾಗಿ ಕೂಡಿಸಿದ್ದು ಆ ಬೆನ್ನುಗಳು.

ಸಣ್ಣ ನಿಲ್ದಾಣದಿಂದಾದ ಉಪಕಾರವೂ ಸಣ್ಣದಲ್ಲ. ಇಂಡಿ ರೋಡಿನ ಸಮೀಪದ ನಿಂಬಾಳದಲ್ಲಿ ತತ್ತ್ವಜ್ಞಾನಿ ಗುರುದೇವ ರಾನಡೆಯವರ ಆಶ್ರಮವಿದೆ. 1957ರಲ್ಲಿ ಅವರು ದೇಹವಿಟ್ಟದ್ದೂ ಅಲ್ಲಿಯೇ. ದೂರದೂರಿನ ಜಿಜ್ಞಾಸುಗಳಿಗೆ ಆ ಹಳ್ಳಿಯ ಬಾಗಿಲು ತೆರೆದದ್ದು ಅಲ್ಲಿನ ಪುಟ್ಟ ನಿಲ್ದಾಣ.

ಈ ಶತಮಾನದ ಮೊದಲ ದಶಕದಲ್ಲಿ ಇಡೀ ಮಾರ್ಗ ಬ್ರಾಡ್‌ಗೇಜ್ ಆಯಿತು. ಹೋಟಗಿಯಲ್ಲಿ ಗೇಜಿಗಾಗಿ ಚೀಲ ಬದಲಿಸುವ ಗೋಳು ತಪ್ಪಿತು. ಲಾರಿಗಳು ಬಂದ ಮೇಲೆ ಹಳೆಯ ಶೆಡ್ಡುಗಳಿಗೆ ಮೊದಲಿನ ಮಹತ್ವ ಉಳಿಯಲಿಲ್ಲ. ಮುದ್ದೇಬಿಹಾಳದ ಮೂಲಕ ಆಲಮಟ್ಟಿ–ಯಾದಗಿರಿ ಮಾರ್ಗವಾಗಲಿ ಎಂಬುದು ಆ ಭಾಗದ ಜನರ ಬಹುಕಾಲದ ಬೇಡಿಕೆ. 1876ರ ಲೆಕ್ಕ ತಿಳಿದವರು ಅದನ್ನು ಬರಿಯ ಅನುಕೂಲದ ಮಾತೆಂದು ತಳ್ಳಿಹಾಕಲಾರರು.

2020ರಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ವಸ್ತುಸಂಗ್ರಹಾಲಯ ತೆರೆಯಿತು. ಪಾಲಕರು ರಜೆಯಲ್ಲಿ ಮಕ್ಕಳಿಗೆ ಅದನ್ನು ತೋರಿಸಲಿ. ಆದರೆ ಚೀಲ ಹೊತ್ತವರ, ಚಕ್ಕಡಿ ಹೊಡೆದವರ, ರಾತ್ರಿಯ ಗಾಡಿಗಾಗಿ ಬುತ್ತಿ ಕಟ್ಟಿಕೊಂಡು ಮಧ್ಯಾಹ್ನವೇ ಮನೆ ಬಿಟ್ಟವರ ನೆನಪು ಅಲ್ಲಿ ಸಿಗಲಿಕ್ಕಿಲ್ಲ. ಅದು ಮನೆಯ ಅಜ್ಜ ಅಜ್ಜಿಯರ ಬಳಿ ಇದೆ. ಮಕ್ಕಳು ಒಂದು ನೋಟುಪುಸ್ತಕ ಹಿಡಿದು ಅವರ ಹತ್ತಿರ ಕುಳಿತುಕೊಳ್ಳಲಿ; ಹಿರಿಯರು ಹೇಳುವಷ್ಟನ್ನು ದಿನಕ್ಕೆ ಒಂದು ಪುಟವಾದರೂ ಬರೆದಿಡಲಿ.