ಕಲ್ಲೊಡೆಯುವ ಕಾಯಕಕ್ಕೆ ಕಲಿಕೆಯ ಆಸರೆ

ಮೇದಾರ ಕೇತಯ್ಯನವರ ಪ್ರಸಂಗವನ್ನು ಪುರಾಣ ಪ್ರವಚನಗಳಲ್ಲಿ ಕೇಳದ ಭಕ್ತರು ವಿರಳ. ಬಿದಿರು ಕಡಿದು ಬುಟ್ಟಿ ಮೊರಗಳನ್ನು ಹೆಣೆದು, ಬಂದುದರಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದ ಆ ಶರಣರ ಎದೆಗೆ ಒಂದು ದಿನ ಕಾಡಿನಲ್ಲಿ ಬಿದಿರು ನಾಟಿತು. ಅವರು ಅಗಲಿದ ವಾರ್ತೆಯನ್ನು ಕೇಳಿ ಬಸವಣ್ಣನವರೂ ಪ್ರಾಣ ನೀಗಿದರೆಂಬುದು ಐತಿಹ್ಯ. ಪ್ರವಚನಕಾರರು ಕೇತಯ್ಯನವರ ನಿಷ್ಠೆಯನ್ನೂ ನಿರ್ಲೋಭವನ್ನೂ ಸೊಗಸಾಗಿ ವರ್ಣಿಸುತ್ತಾರೆ, ವರ್ಣಿಸಬೇಕಾದುದೇ. ನಮ್ಮನ್ನು ಮಾತ್ರ ಈಚಿನ ವರ್ಷಗಳಲ್ಲಿ ಆ ಕಥೆಯ ಇನ್ನೊಂದು ಮುಖ ಕಾಡುತ್ತಿದೆ. ಅದು ದುಡಿಯುವ ಜಾಗದಲ್ಲಿ ಸಂಭವಿಸಿದ ಅಪಘಾತ. ಒಬ್ಬ ಮೇದಾರನ ಸಾವನ್ನು ಕಲ್ಯಾಣದ ಮಹಾಮಂತ್ರಿಗಳು ತಮ್ಮ ಸಾವೆಂದೇ ಬಗೆದರು.

ನಾವು ವಾಸವಾಗಿರುವ ಒಂಟಿಕೊಪ್ಪಲಿನಲ್ಲಿ ಹಳೆಯ ಮನೆಗಳು ಇಳಿದು ಹೊಸ ಮಹಡಿಗಳು ಏಳುತ್ತಿವೆ. ಲಾರಿಗಟ್ಟಲೆ ಜಲ್ಲಿ, ಸೈಜುಗಲ್ಲು, ಮೆಟ್ಟಿಲಿನ ಚಪ್ಪಡಿಗಳು ಬಂದು ಬೀಳುತ್ತವೆ. ಇವು ಯಾವ ಬೆಟ್ಟದ ತುಂಡು, ಯಾರ ಕೈ ಇದನ್ನು ಸೀಳಿತು ಎಂದು ಕೇಳುವ ವಾಡಿಕೆ ನಮ್ಮಲ್ಲಿಲ್ಲ. 2022ರ ಮಾರ್ಚ್ 4ರಂದು ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಬಿಳಿಕಲ್ಲು ಕ್ವಾರಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರು ಬಂಡೆಗಳಡಿ ಸಿಲುಕಿ ಪ್ರಾಣ ಕಳೆದುಕೊಂಡರು. ಮೈಸೂರಿನಿಂದ ಊಟಿ ರಸ್ತೆಯಲ್ಲಿ ಬಸ್ಸು ಹತ್ತಿದರೆ ಗುಂಡ್ಲುಪೇಟೆ ಎಷ್ಟು ದೂರ? ಅದಕ್ಕೂ ಹಿಂದಿನ ವರ್ಷ, 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನ ಕಲ್ಲುಕ್ವಾರಿಯ ಬಳಿ ಸಿಡಿಮದ್ದು ಸ್ಫೋಟಿಸಿದಾಗ ಜನ ಭೂಕಂಪವೆಂದು ಬೀದಿಗೆ ಓಡಿಬಂದರು. ತಿಂಗಳು ಕಳೆಯುವಷ್ಟರಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಮಡಿದರು. ಇವುಗಳಲ್ಲಿ ಕಾನೂನು ಮೀರಿದ ಪಾಪ ಎಷ್ಟೆಂಬುದನ್ನು ನ್ಯಾಯಾಲಯಗಳು ನೋಡಲಿ. ಅರಿಯದವನ ಕೈಗೆ ಮದ್ದು ಕೊಡುವುದು ಮಗುವಿನ ಕೈಗೆ ಕೆಂಡ ಕೊಟ್ಟಂತೆ; ನಾವು ಆಡಬೇಕೆಂದಿರುವುದು ಆ ಅರಿವಿನ ಮಾತು.

ಗಣಿಯ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಒತ್ತಡ ತಾಳದೆ ಬಂಡೆ ತಾನಾಗಿಯೇ ಸಿಡಿಯುತ್ತದೆ. ಸುತ್ತಣ ಮನೆಗಳು ನಡುಗುತ್ತಿದ್ದವು. ಆ ಸಂಕಟದಿಂದಲೇ ಶಿಲೆಯ ನಡತೆಯನ್ನು ಅಳೆಯುವ ಶಾಸ್ತ್ರ ಬೆಳೆಯಿತು, 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಅಲ್ಲಿಯೇ ಹುಟ್ಟಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿ ಪ್ರಾಣ ತೆತ್ತು ಸಂಪಾದಿಸಿದ ಜ್ಞಾನ ಇಂದಿನ ಕಲ್ಲುಕ್ವಾರಿಯ ಕೂಲಿಯವನವರೆಗೆ ಹರಿದುಬಂದಿದೆಯೇ? ಎಷ್ಟೋ ಕಡೆ ಬಂದಿಲ್ಲವೆಂದೇ ನಮ್ಮ ಅನಿಸಿಕೆ.

ಕಾನೂನೇನೋ ಇತ್ತು. 1952ರ ಗಣಿ ಕಾಯಿದೆಯ ಅಡಿಯಲ್ಲಿ 1966ರಲ್ಲಿ ವೃತ್ತಿ ತರಬೇತಿ ನಿಯಮಗಳು ಬಂದವು. ತರಬೇತಿಯಿಲ್ಲದವನನ್ನು ಗಣಿಗೆ ಇಳಿಸಬಾರದು, ಕಲಿಸುವ ಹೊಣೆ ಮಾಲೀಕನದು ಎಂದು ಅವು ವಿಧಿಸಿದವು. ಆದರೆ ಅದೇ ಕಾಯಿದೆಯಲ್ಲಿ ಒಂದು ಕಿರುಬಾಗಿಲೂ ಇತ್ತು. ಆರು ಮೀಟರ್ ಆಳ ಮೀರದ, ಐವತ್ತು ಜನಕ್ಕಿಂತ ಹೆಚ್ಚು ದುಡಿಯದ, ಸಿಡಿಮದ್ದು ಬಳಸದ ಕಟ್ಟಡಕಲ್ಲಿನ ತೆರೆದ ಗುಂಡಿಗೆ ಬಹುತೇಕ ವಿನಾಯಿತಿ. ಗುಂಡಿ ಆರು ಮೀಟರನ್ನು ದಾಟಿದ ದಿನ ಅಳತೆಗೋಲು ಹಿಡಿದು ನಿಲ್ಲುವವರಾರು? 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಈಗ ಹಳೆಯ ಕಾಯಿದೆಯ ಸ್ಥಾನದಲ್ಲಿ ನಿಂತಿದೆ. ಹೆಸರು ಯಾವುದಾದರೂ ಆಗಲಿ, ಪಾಠ ಹೇಳುವವನು ಕ್ವಾರಿಯ ಅಂಚಿಗೆ ಹೋಗದಿದ್ದರೆ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ.

ಅಮೆರಿಕದಲ್ಲಿ 1977ರ ಗಣಿ ಕಾಯಿದೆಯಲ್ಲಿಯೇ ಗಣಿಗಾರರ ಶಿಕ್ಷಣ, ತರಬೇತಿಗೆಂದು ಅಲ್ಲಿನ ರಾಜ್ಯಗಳಿಗೆ ಅನುದಾನ ಕೊಡುವ ಏರ್ಪಾಡಾಯಿತು. ಅಲಬಾಮಾದ ಬ್ರೂಕ್‌ವುಡ್‌ನಲ್ಲಿ 2001ರಲ್ಲಿ 13 ಮಂದಿ, ಪಶ್ಚಿಮ ವರ್ಜೀನಿಯಾದ ಸೇಗೋದಲ್ಲಿ 2006ರಲ್ಲಿ 12 ಮಂದಿ ಸತ್ತ ಮೇಲೆ ಆ ಎರಡು ಗಣಿಗಳ ಹೆಸರಿನಲ್ಲಿಯೇ ಮತ್ತೊಂದು ತರಬೇತಿ ಅನುದಾನ ಏರ್ಪಟ್ಟಿತು. ಸತ್ತವರಿಗೆ ಕಲ್ಲಿನ ಸ್ಮಾರಕಕ್ಕಿಂತ ಇದು ಮೇಲೆಂದು ನಮಗೆ ತೋರಿತು.

ನಮ್ಮಲ್ಲಿ ಹಣಕ್ಕೆ ಕೊರತೆಯೆಂದು ಹೇಳಲಾಗದು. 2015ರ ತಿದ್ದುಪಡಿಯಿಂದ ಪ್ರತಿ ಗಣಿ ಜಿಲ್ಲೆಗೂ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ. ಪ್ರಮುಖ ಖನಿಜಗಳ ಗುತ್ತಿಗೆದಾರರು ರಾಜಧನದ ಜೊತೆಗೆ ಅದರ ಹತ್ತನೆಯ ಒಂದು ಭಾಗವನ್ನು, ಹಳೆಯ ಗುತ್ತಿಗೆಯಾದರೆ ನೂರಕ್ಕೆ ಮೂವತ್ತನ್ನು, ಇದಕ್ಕೆ ಸಲ್ಲಿಸಬೇಕು. ಕರ್ನಾಟಕದ ನಿಯಮಗಳು 2016ರಲ್ಲಿ ಬಂದವು. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಕೌಶಲ ವೃದ್ಧಿ ಇವು ಆದ್ಯತೆಯ ಬಾಬುಗಳು. ಕೌಶಲವೆಂದರೆ ಹೊಲಿಗೆ ಯಂತ್ರ, ಕಂಪ್ಯೂಟರುಗಳೆಂದೇ ನಮ್ಮವರು ತಿಳಿಯುತ್ತಾರೆ. ಬೇಡವೆನ್ನುವುದಿಲ್ಲ. ಆದರೆ ಬಂಡೆಯನ್ನು ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಬುಡವನ್ನು ಕೊರೆಯಬಾರದು. ಸಿಡಿಯದೆ ಉಳಿದ ಕುಳಿಗೆ ಮತ್ತೆ ಬೈರಿಗೆ ಇಡಬಾರದು. ಕೊರೆಯುವಾಗ ನೀರು ಹಾಯಿಸಿದರೆ ಧೂಳು ಅಡಗುತ್ತದೆ ಎಂಬುವುಗಳೂ ಕೌಶಲವೇ. ಆ ಧೂಳಿನಿಂದ ಬರುವ ಸಿಲಿಕೋಸಿಸ್ ವ್ಯಾಧಿಯನ್ನು ಕ್ಷಯವೆಂದು ತಿಳಿದು ವರ್ಷಗಟ್ಟಲೆ ಮಾತ್ರೆ ನುಂಗುವವರಿದ್ದಾರೆ. ಒಮ್ಮೆ ಕಲ್ಲಾದ ಶ್ವಾಸಕೋಶ ಯಾವ ಮದ್ದಿಗೂ ಮೆತ್ತಗಾಗುವುದಿಲ್ಲ.

ಇನ್ನು ನಮ್ಮ ಮನೆಯೊಳಗಿನ ಮಾತು. ನಮ್ಮ ಸಮಾಜದ ಕುಟುಂಬಗಳಲ್ಲಿ ಕ್ವಾರಿ, ಕ್ರಷರುಗಳ ಯಜಮಾನರು ಉಂಟು. ಮಠದ ಮಹಾದ್ವಾರಕ್ಕೆ ಕಲ್ಲು ಕೊಟ್ಟವರು, ಪ್ರಸಾದ ನಿಲಯಕ್ಕೆ ಅಕ್ಕಿ ಕಳುಹಿಸುವವರು. ಅವರ ಔದಾರ್ಯದ ಅನ್ನವನ್ನು ಬಾಲ್ಯದಲ್ಲಿ ನಾವೂ ಮಠದಲ್ಲಿ ಉಂಡವರೇ ಆದ್ದರಿಂದ ಈ ಮಾತನ್ನು ಆಡುವಾಗ ನಾಲಗೆ ಸ್ವಲ್ಪ ತಡೆಯುತ್ತದೆ. ಆಯ್ದಕ್ಕಿ ಲಕ್ಕಮ್ಮನವರು ಹೆಚ್ಚಿಗೆ ತಂದ ಅಕ್ಕಿಯನ್ನು ಪತಿಯ ಕೈಯಲ್ಲೇ ಹಿಂದಕ್ಕೆ ಕಳುಹಿಸಿದರು. ಕೂಲಿಯವನ ತಲೆಗೆ ಟೊಪ್ಪಿಗೆ, ಸೊಂಟಕ್ಕೆ ಹಗ್ಗ, ಕಲಿಯಲು ಸಂಬಳ ಸಹಿತ ಕೆಲವು ದಿನ ಇಷ್ಟನ್ನು ಉಳಿಸಿ ತಂದ ಅಕ್ಕಿಯನ್ನು ಆ ತಾಯಿ ಯಾವ ರಾಶಿಗೆ ಸೇರಿಸುತ್ತಿದ್ದರು?

ಮಠಗಳಿಗೂ ನಮ್ಮದೊಂದು ಅರಿಕೆ. ಮಠಗಳ ಆಶ್ರಯದಲ್ಲಿ ಕೈಗಾರಿಕಾ ತರಬೇತಿ ಶಾಲೆಗಳಿವೆ, ಆಸ್ಪತ್ರೆಗಳಿವೆ. ಕ್ವಾರಿಯಿರುವ ತಾಲ್ಲೂಕುಗಳಲ್ಲಿ ಇಂಥ ತರಗತಿಗಳನ್ನು ನಡೆಸಲು ಮುಂದಾಗಿ, ಖನಿಜ ಪ್ರತಿಷ್ಠಾನದ ಅಧ್ಯಕ್ಷರಾದ ಜಿಲ್ಲಾಧಿಕಾರಿಗಳ ಮುಂದೆ ಅನುದಾನದ ಬೇಡಿಕೆಯನ್ನು ಇಡಬಹುದು. ಕ್ವಾರಿಗಳಲ್ಲಿ ದುಡಿಯುವವರಲ್ಲಿ ಪರಪ್ರಾಂತದವರೂ ಇರುವುದರಿಂದ ಪಾಠ ಕನ್ನಡದ ಜೊತೆಗೆ ಹಿಂದಿ, ತಮಿಳು, ತೆಲುಗುಗಳಲ್ಲಿಯೂ ಬೇಕು. ಓದುಬಾರದವರಿಗೆ ಚಿತ್ರಪಟ ಸಾಕು. ಪ್ರತಿ ವರ್ಷದ ಸುತ್ತೂರು ಜಾತ್ರೆಯ ಕೃಷಿಮೇಳಕ್ಕೆ ಬರುವ ಜನಸಾಗರದಲ್ಲಿ ಕ್ವಾರಿಯ ಮೇಸ್ತ್ರಿಗಳೂ ಅವರ ಮಡದಿಯರೂ ಇರುತ್ತಾರೆ. ಬಿತ್ತನೆಬೀಜದ ಮಳಿಗೆಯ ಪಕ್ಕದಲ್ಲಿ ಒಂದು ಮಳಿಗೆ, ಅಲ್ಲಿ ಒಂದು ಶ್ವಾಸಕೋಶದ ಕ್ಷಕಿರಣ ಚಿತ್ರ, ಹಗ್ಗ ಕಟ್ಟುವ ಬಗೆಯನ್ನು ತೋರಿಸಿಕೊಡಲು ಅನುಭವವುಳ್ಳ ಒಬ್ಬ ಮುದುಕ, ಇಷ್ಟರಿಂದ ಆರಂಭಿಸಬಹುದು.