ಅಸುಂಡಿಯ ಚರಗವೂ ಸಡಿಲಾದ ಪಟ್ಟಾವೂ

ಗದಗಿನ ಪೇಟೆಯು ಹಿಂದಾಗಿ ಅಸುಂಡಿಯ ದಾರಿ ಹಿಡಿದೊಡನೆ ಎರೆಯ ಹೊಲಗಳು ಎರಡೂ ಕಡೆಗೆ ತೆರೆದುಕೊಳ್ಳುತ್ತವೆ. ಮರಗಳು ವಿರಳವಾಗಿರುವುದರಿಂದ ದೃಷ್ಟಿಗೆ ತಡೆಯಿಲ್ಲ; ಅದು ದೂರ ಹರಿದು, ಕಪ್ಪತಗುಡ್ಡದ ಸಾಲಿನಲ್ಲಿಯೂ ಈಚಿನ ವರುಷಗಳಲ್ಲಿ ಈ ಸೀಮೆಯಲ್ಲೆಲ್ಲ ಎದ್ದು ನಿಂತಿರುವ ಗಾಳಿಯಂತ್ರಗಳ ರೆಕ್ಕೆಗಳಲ್ಲಿಯೂ ಹೋಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಈ ನೆಲವು ಕೈ ಹಿಡಿಸುವಷ್ಟು ಬಿರಿಯುತ್ತದೆ; ಮಳೆಗಾಲದಲ್ಲಿ ಇಟ್ಟ ಕಾಲನ್ನು ಬಿಡದು. ಇದನ್ನು ನೋಡಬೇಕಾದುದು ಎಳ್ಳಮಾವಾಸ್ಯೆಯ ಸುಮಾರಿಗೆ. ಆಗ ಹಿಂಗಾರಿ ಜೋಳವು ಆಳೆತ್ತರ ನಿಂತಿರುತ್ತದೆ. ಕಡಲೆಯ ಗಿಡದಲ್ಲಿ ಕಾಯಿ ಕಟ್ಟುತ್ತಿರುತ್ತದೆ. ನಡುನಡುವೆ ಕುಸುಬೆಯ ಸಾಲು. ಆ ದಿವಸ ಒಕ್ಕಲಿಗರು ಮನೆಮಂದಿಯೊಡನೆ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಮಾಡಿ, ಬೆಳೆಯ ನಡುವೆ ಚರಗ ಚೆಲ್ಲಿ, ಅಲ್ಲಿಯೇ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳನ್ನು ಉಣ್ಣುವರು. ಪೇಟೆಯಲ್ಲಿ ಕುಳಿತು ಉಂಡ ಯಾವ ಔತಣಕ್ಕೂ ಈ ಊಟದ ರುಚಿ ಬಾರದೆಂಬುದು ನಮ್ಮ ಮತ. ಅದಕ್ಕೆ ಕಾರಣ ಅಡಿಗೆಯೋ ಹೊಲದ ಗಾಳಿಯೋ ಎಂಬ ಚರ್ಚೆಯನ್ನು ಉಂಡವರೇ ಮಾಡಿಕೊಳ್ಳಲಿ.

ಈ ಸೀಮೆಯ ಜನರಿಗೆ ಪಟ್ಟಾ ಎಂದರೆ ಹೊಸ ವಸ್ತುವಲ್ಲ. 1884ರಲ್ಲಿ ಗದಗಕ್ಕೆ ರೈಲು ಬಂದ ಬಳಿಕ ಹತ್ತಿಯ ವ್ಯಾಪಾರವು ಬೆಳೆದು, ಅರಳೆಯನ್ನು ಬೀಜದಿಂದ ಬಿಡಿಸುವ ಜಿನ್ನುಗಳು ಎದ್ದುವು. ಅಲ್ಲಿ ಒಂದು ಎಂಜಿನಿನ ಬಲವನ್ನು ಹತ್ತಾರು ಯಂತ್ರಗಳಿಗೆ ಹಂಚುತ್ತಿದ್ದುದು ಅಗಲವಾದ ಪಟ್ಟಾಗಳೇ. ಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ಇಂದಿಗೂ ಪಟ್ಟಾ ತಿರುಗುತ್ತದೆ. ಅದು ಸಡಿಲಾಗಿ ಜಾರಿದರೆ ಗಿರಣಿಯವರು ಅದಕ್ಕೆ ಒಂದಿಷ್ಟು ರಾಳ ಹಚ್ಚುವರು, ಇಲ್ಲವೆ ಮೋಟಾರನ್ನು ಒಂದು ಬೆರಳು ಹಿಂದಕ್ಕೆ ಸರಿಸುವರು. ಜಾರಿದುದರಿಂದ ಆದ ನಷ್ಟವೆಂದರೆ ಕಲ್ಲು ತುಸು ನಿಧಾನವಾಗಿ ತಿರುಗಿದ್ದು, ಅಷ್ಟೆ. ಕಾರಿನ ಎಂಜಿನಿನೊಳಗೂ ಒಂದು ಪಟ್ಟಾ ಇರುವುದನ್ನೂ, ಅದು ಜಾರುವುದಕ್ಕೂ ಇದು ಜಾರುವುದಕ್ಕೂ ಅಜಗಜಾಂತರವಿರುವುದನ್ನೂ ನಾವು ಕಣ್ಣಾರೆ ಕಂಡದ್ದು ಅಸುಂಡಿಯಲ್ಲಿ, ಚರಗದ ದಿವಸವೇ.

ನಮ್ಮನ್ನು ಕರೆದಿದ್ದ ಮಿತ್ರರು ಊಟ ಮುಗಿದ ಮೇಲೆ ತಮ್ಮ ವೃದ್ಧ ತಾಯಿಯನ್ನೂ ನಮ್ಮನ್ನೂ ಹಳೆಯ ಕಾರಿನಲ್ಲಿ ಕೂಡಿಸಿಕೊಂಡು ಹೊಲದಿಂದ ಊರಿಗೆ ಹೊರಟರು. ತಾಯಿಗೆ ಕಣ್ಣಿನಲ್ಲಿ ಪೊರೆ ಬೆಳೆದಿತ್ತು. ಮರುದಿನ ಮುಂಜಾನೆ ಹುಬ್ಬಳ್ಳಿಯಲ್ಲಿ ಶಸ್ತ್ರಕ್ರಿಯೆ. ಎರಡು ತಿಂಗಳು ಕಾದು ದೊರಕಿಸಿಕೊಂಡ ದಿನವದು. ಊರಿನ ಗಿರಣಿಯ ಹತ್ತಿರ ಬರುವಷ್ಟರಲ್ಲಿ ಎಂಜಿನಿನ ಒಂದು ಪಕ್ಕದಿಂದ ಪಟಪಟನೆ ಬಡಿಯುವ ಸಪ್ಪಳವು ಕೇಳಿಬಂದಿತು. ಗಾಡಿಯ ಎಳೆತವೂ ಕುಗ್ಗಿ, ನಿಂತಲ್ಲಿಯೇ ನಡುಗಹತ್ತಿತು. ಮಿತ್ರರು ಎಂಜಿನು ನಿಲ್ಲಿಸಿ ಮುಚ್ಚಳ ತೆರೆದು ನೋಡಿದರು; ಕಣ್ಣಿಗೇನೂ ಬೀಳಲಿಲ್ಲ. ಮತ್ತೆ ಕೀಲಿ ತಿರುಗಿಸಲು ಹೊರಟಾಗ ಗಿರಣಿಯ ಹಿರಿಯರು ಹಿಟ್ಟು ಮೆತ್ತಿದ ಕೈಯನ್ನು ಎತ್ತಿ ತಡೆದರು.

"ಸೆಲ್ಫ್ ಹೊಡೀಬ್ಯಾಡ್ರಿ ಅಣ್ಣಾರ. ಅದು ಪಟ್ಟಾ ಬಡಿಯೂ ಸಪ್ಪಳ. ನಾ ನಲವತ್ತ ವರ್ಷ ಕೇಳೀನಿ."

"ಗದಗಿನ ತನಕ ಹೋಗತೈತಿ ಬಿಡ್ರಿ ಕಾಕಾ. ನಾಳೆ ಅವ್ವನ್ನ ಕರಕೊಂಡು ಹೋಗಬೇಕು."

"ಹೋದ್ರ ಹೋತು. ಹೋಗದಿದ್ರ?"

ಒಳಗೆ ಕುಳಿತಿದ್ದ ತಾಯಿಯೂ, "ಬಸ್ಸಿಗೆ ಹೋಗೂಣು ತಮ್ಮಾ, ಅದಕ್ಯಾಕ ಗುದ್ದಾಡತಿ?" ಎಂದರು. ಮಿತ್ರರು ಕೀಲಿಯನ್ನು ಕಿಸೆಗೆ ಹಾಕಿಕೊಂಡರು. ಗದಗಿನ ಮಿಸ್ತ್ರಿಗೆ ಫೋನು ಹೋಯಿತು. ನಾಲ್ಕೈದು ಮಂದಿ ಕೂಡಿ ಗಾಡಿಯನ್ನು ಬೇವಿನ ನೆರಳಿಗೆ ತಳ್ಳಿದೆವು.

ಮಿಸ್ತ್ರಿಯು ಬರುವುದರೊಳಗಾಗಿ ವಾಚಕರಿಗೆ ಈ ಪಟ್ಟಾದ ಕೆಲಸವನ್ನು ಹೇಳಿಬಿಡುವುದು ಲೇಸು. ಎಂಜಿನಿನ ಕೆಳಗಿನ ದಂಡವಾದ ಕ್ರ್ಯಾಂಕು ಪಿಸ್ಟನ್ನುಗಳನ್ನು ಏರಿಳಿಸುತ್ತದೆ. ಮೇಲಿನ ದಂಡವಾದ ಕ್ಯಾಮು ವಾಲ್ವುಗಳನ್ನು, ಎಂದರೆ ಗಾಳಿ ಒಳಗೆ ಬರುವ ಮತ್ತು ಹೊಗೆ ಹೊರಗೆ ಹೋಗುವ ಬಾಗಿಲುಗಳನ್ನು, ತೆರೆದು ಮುಚ್ಚುತ್ತದೆ. ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಕ್ಯಾಮು ಸರಿಯಾಗಿ ಒಂದು ಸುತ್ತು ತಿರುಗಬೇಕು. ಕ್ರ್ಯಾಂಕಿಗೆ ನಿಮಿಷಕ್ಕೆ 3000 ಸುತ್ತಿನ ವೇಗವಿದ್ದರೆ ಒಂದೊಂದು ವಾಲ್ವು ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಇವೆರಡನ್ನೂ ಜೊತೆಗೂಡಿಸುವುದು ಹಲ್ಲಿನ ಪಟ್ಟಾ: ರಬ್ಬರಿನೊಳಗೆ ಗಾಜಿನ ನಾರಿನ ಹುರಿ, ಹಲ್ಲುಗಳ ಮೇಲೆ ನೈಲಾನಿನ ಬಟ್ಟೆ. ಅಂಬಾಸಡರ್, ಪದ್ಮಿನಿಗಳ ಕಾಲದಲ್ಲಿ ಈ ಕೆಲಸವನ್ನು ಉಕ್ಕಿನ ಸರಪಳಿಯು ಮಾಡುತ್ತಿತ್ತು. ಜರ್ಮನಿಯಲ್ಲಿ 1962ರ ಸುಮಾರಿಗೆ ಗ್ಲಾಸ್ ಎಂಬ ಕಂಪನಿಯು ತನ್ನ 1004 ಎಂಬ ಕಾರಿನಲ್ಲಿ ಹಲ್ಲಿನ ಪಟ್ಟಾವನ್ನು ಹೂಡಿತು. ನಮ್ಮ ನಾಡಿನ ಮನೆಮನೆಗೆ ಅದನ್ನು ತಂದದ್ದು 1983ರಲ್ಲಿ ಹೊರಬಿದ್ದ ಮಾರುತಿ 800. ಪಟ್ಟಾವು ಹಗುರ, ಅಗ್ಗ, ಸಪ್ಪಳವಿಲ್ಲದ್ದು, ಎಣ್ಣೆ ಬೇಡದ್ದು. ಆದರೆ ಸರಪಳಿಯಂತೆ ಸವೆಯುವಾಗ ಬಹುಕಾಲ ಗೊಣಗಿ ಎಚ್ಚರಿಸುವ ಗುಣವು ಅದಕ್ಕಿಲ್ಲ. ಅನೇಕ ಸಲ ಹೇಳದೆ ಕೇಳದೆ ಹರಿದುಹೋಗುತ್ತದೆ. ಮಿತ್ರರ ಗಾಡಿಯು ಸದ್ದು ಮಾಡಿದ್ದೇ ಪುಣ್ಯ.

ಪಟ್ಟಾ ಸಡಿಲಾಗಿ ಹಲ್ಲು ಹಾರಿದರೆ ಏನಾಗುವುದು? ಕ್ರ್ಯಾಂಕಿನ ಚಕ್ರಕ್ಕೆ 20 ಹಲ್ಲುಗಳಿವೆಯೆನ್ನಿ. ಒಂದು ಹಲ್ಲು ತಪ್ಪಿದರೆ 18 ಅಂಶಗಳ ವ್ಯತ್ಯಾಸ. ಬಾಗಿಲು ತಡವಾಗಿ ತೆರೆದು ತಡವಾಗಿ ಮುಚ್ಚುವುದು; ಎಂಜಿನು ನಡೆದೀತು, ಆದರೆ ಬಲವಿರದು. ಮೂರು ನಾಲ್ಕು ಹಲ್ಲು ತಪ್ಪಿದರೆ, ಇಲ್ಲವೆ ಪಟ್ಟಾ ಹರಿದರೆ, ಬಹಳಷ್ಟು ಎಂಜಿನುಗಳಲ್ಲಿ ಏರಿ ಬರುವ ಪಿಸ್ಟನ್ನು ತೆರೆದಿರುವ ವಾಲ್ವಿಗೆ ಬಡಿದು ಅದನ್ನು ಬಾಗಿಸುತ್ತದೆ. ಆಗ ಎಂಜಿನಿನ ತಲೆಯನ್ನೇ ಬಿಚ್ಚಬೇಕು. ಪಟ್ಟಾದ ಬೆಲೆಯ ಹತ್ತಾರು ಪಟ್ಟು ವೆಚ್ಚ. ಇನ್ನೊಂದು ಸಲ ಕೀಲಿ ತಿರುಗಿಸುವುದರಲ್ಲಿ ಇದ್ದ ಅಪಾಯವು ಇದೇ. ಎಂಜಿನನ್ನು ಹೊರಡಿಸುವಾಗಿನ ಜಗ್ಗಾಟದಲ್ಲಿಯೇ ಸಡಿಲ ಪಟ್ಟಾವು ಹಲ್ಲು ಹಾರಿಸುವ ಸಂಭವ ಹೆಚ್ಚು.

ಮಿಸ್ತ್ರಿಯು ಬಂದವನೇ ಮೊದಲು ಬ್ಯಾಟರಿಯ ತಂತಿ ಕಳಚಿದ. ಬಲಗಡೆಯ ಮುಂದಿನ ಗಾಲಿ ಬಿಚ್ಚಿ, ಕೈಯಿಂದ ಎಂಜಿನು ಹಗುರಾಗಿ ತಿರುಗಲೆಂದು ಪ್ಲಗ್ಗುಗಳನ್ನು ತೆಗೆದು, ಪಟ್ಟಾದ ಮೇಲಿನ ಪ್ಲಾಸ್ಟಿಕ್ಕಿನ ಕವಚವನ್ನು ಇಳಿಸಿದ. ಕವಚದ ಒಳಮೈಯಲ್ಲಿ ಪಟ್ಟಾ ಉಜ್ಜಿದ ಗೆರೆಯು ಹೊಳೆಯುತ್ತಿತ್ತು. ಬಳಿಕ ಕ್ರ್ಯಾಂಕಿಗೆ ಪಾನಾ ಹಾಕಿ, ಎಂಜಿನು ತಿರುಗುವ ದಿಕ್ಕಿಗೇ ಮೆಲ್ಲಗೆ ತಿರುಗಿಸಿ, ಕೆಳಗಿನ ಗುರುತಿಗೆ ಗುರುತು ಕೂಡಿಸಿದ. ಮೇಲಿನ ಚಕ್ರದ ಗುರುತು ಒಂದು ಹಲ್ಲು ಹಿಂದೆ ಉಳಿದಿತ್ತು. "ಒಂದ ಹಲ್ಲಿಗೆ ನಿಂತೈತ್ರಿ. ನಸೀಬ ಛಲೋ ಐತಿ," ಎಂದ.

ಹಾಗಾದರೆ ಸರಿಯಾಗಿ ಕೂಡಿಸಿ ಬಿಗಿದುಬಿಡು ಎಂದರು ಮಿತ್ರರು. ಗಿರಣಿಯ ಹಿರಿಯರು ರಾಳದ ಮಾತನ್ನೂ ಆಡಿದರು. ಮಿಸ್ತ್ರಿ ಎರಡಕ್ಕೂ ಒಪ್ಪಲಿಲ್ಲ. ಗಾಜಿನ ಹುರಿಯ ಪಟ್ಟಾವು ಗಿರಣಿಯ ಪಟ್ಟಾದಂತೆ ಹಿಗ್ಗುವುದು ಬಲು ಕಡಿಮೆ. ಅದು ಸಡಿಲಾಗಿದ್ದರೆ ಸಡಿಲುಗೊಳಿಸಿದವರು ಬೇರೆ ಇರಬೇಕು, ಅವರನ್ನು ಹುಡುಕಬೇಕೆಂಬುದು ಅವನ ವಾದ. ಆ ಆಸಾಮಿಯು ಸಿಕ್ಕಿಯೂ ಸಿಕ್ಕಿತು. ಪಟ್ಟಾವನ್ನು ಒತ್ತಿ ಹಿಡಿಯುವ ಟೆನ್ಶನರಿನ ಬೇರಿಂಗು ಸವೆದು, ಬೆರಳಿನಿಂದ ಅಲುಗಿಸಿದರೆ ಗಡಗಡ ಎನ್ನುತ್ತಿತ್ತು. ಹಳೆಯ ಪಟ್ಟಾವನ್ನು ಹಿಮ್ಮುಖವಾಗಿ ಬಾಗಿಸಿ ತೋರಿಸಿದ. ಹಲ್ಲುಗಳ ಬುಡದಲ್ಲಿ ಕೂದಲೆಳೆಯ ಬಿರುಕುಗಳು, ಬೇಸಿಗೆಯ ಎರೆ ನೆಲದಂತೆ. ಬರೇ ಬಿಗಿದು ಕಳಿಸಿದ್ದರೆ ಹುಬ್ಬಳ್ಳಿಯ ದಾರಿಯಲ್ಲಿ ಕೈಕೊಡುವುದೇನೂ ಅಸಂಭವವಾಗಿರಲಿಲ್ಲ.

ಗದಗಿನಿಂದ ಹೊಸ ಪಟ್ಟಾವೂ ಟೆನ್ಶನರೂ ಬರುವ ಹೊತ್ತಿಗೆ ಸೂರ್ಯನು ಇಳಿದಿದ್ದ. ತಾಯಿಯು ಗಿರಣಿಯ ಕಟ್ಟೆಯ ಮೇಲೆ ಕುಳಿತು, ಕಾಣದ ಕಣ್ಣಿನಿಂದಲೇ ಎಲ್ಲರಿಗೂ ಉಳಿದ ಹೋಳಿಗೆಗಳನ್ನು ಹಂಚಿದರು. ಹೊಸ ಪಟ್ಟಾವನ್ನು ಮಡಿಸದೆ, ಎಣ್ಣೆಯ ಕೈ ಸೋಕಿಸದೆ, ಪಾನಾದಿಂದ ಮೀಟದೆ, ಬರಿ ಬೆರಳುಗಳಿಂದಲೇ ಏರಿಸಿದ ಆ ತಾಳ್ಮೆಯನ್ನು ನಾವು ಮೆಚ್ಚಿದೆವು. ಏರಿಸಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಿದ, ಕೂಡಿದ್ದವು. ಪಟ್ಟಾದ ಉದ್ದನೆಯ ಭಾಗವನ್ನು ಎರಡು ಬೆರಳಲ್ಲಿ ಹಿಡಿದು ತಿರುವಿದ. ಕಾಲು ಸುತ್ತು ತಿರುಗಿ ನಿಂತಿತು. ಅದಕ್ಕಿಂತ ಹೆಚ್ಚು ತಿರುಗಿದರೆ ಸಡಿಲ, ತಿರುಗದಿದ್ದರೆ ಅತಿ ಬಿಗಿ. ಅತಿ ಬಿಗಿಯಾದರೆ ಬೇರಿಂಗು ಬೇಗನೆ ಸಾಯುತ್ತದೆಂದು ಹೇಳಿದ. ಇದು ಕೈಗಣಿತ, ಒಂದೊಂದು ಎಂಜಿನಿಗೆ ತಯಾರಕರು ಹೇಳಿದ ಅಳತೆಯೇ ಪ್ರಮಾಣ. ಪಟ್ಟಾದ ಆಯುಷ್ಯವೂ ಹಾಗೆಯೇ. ಸಾಮಾನ್ಯವಾಗಿ 60,000ದಿಂದ 1,00,000 ಕಿಲೋಮೀಟರಿನೊಳಗೆ ಅವರು ಒಂದು ಗಡುವು ಹಾಕಿರುವರು. ವರುಷಗಳ ಗಡುವೂ ಉಂಟು. ಗಾಡಿ ಓಡಲಿ ಬಿಡಲಿ, ರಬ್ಬರು ಮುಪ್ಪಾಗುವುದು ಬಿಡದು.

ಕೀಲಿ ತಿರುಗಿಸಿದಾಗ ಎಂಜಿನು ಒಮ್ಮೆಗೇ ಎದ್ದಿತು. ಗಿರಣಿಯ ಹಿರಿಯರು ಕಿವಿಗೊಟ್ಟು ಕೇಳಿ ತಲೆಯಲ್ಲಾಡಿಸಿದ ಮೇಲೆಯೇ ಮಿತ್ರರ ಮುಖ ಅರಳಿತು. ಮಿಸ್ತ್ರಿಯು ಕವಚದ ಮೇಲೆ ಬಿಳಿಯ ಬಣ್ಣದಿಂದ ಆ ದಿವಸದ ತಾರೀಖನ್ನೂ ಗಾಡಿ ಓಡಿದ ಕಿಲೋಮೀಟರನ್ನೂ ಬರೆದ. ಮರುದಿನ ನಸುಕಿನಲ್ಲಿ ತಾಯಿಯನ್ನು ಕರೆದುಕೊಂಡು ಅದೇ ಗಾಡಿಯು ಹುಬ್ಬಳ್ಳಿಗೆ ಹೋಯಿತು. ಶಸ್ತ್ರಕ್ರಿಯೆಯು ಗೊತ್ತಾದ ಹೊತ್ತಿಗೇ ನಡೆಯಿತು.