ಗೇಣು ಮಣ್ಣಿನ ತೋಟ

ಬಯಲುಸೀಮೆಯವರಾದ ನಮಗೆ ನೀರಿನ ಬಡತನ ಹಳೆಯ ಪರಿಚಯ. ಮಣ್ಣಿನ ಬಡತನವನ್ನೂ ಅರಿಯಬೇಕಾದರೆ ಚಿತ್ರದುರ್ಗದ ಬೆಟ್ಟದ ಬುಡದಲ್ಲಿ ಮನೆ ಮಾಡಬೇಕು. ನಮ್ಮ ಹಿತ್ತಿಲಿಗೆ ಬಂಡೆಯೇ ನೆಲ. ಗುದ್ದಲಿ ಹಾಕಿದರೆ ಕಿಡಿ ಏಳುವುದೇ ಹೊರತು ಮಣ್ಣು ಏಳದು.

ಹೊಳಲ್ಕೆರೆಯ ಕಡೆ ಅಡಕೆ ತೆಂಗುಗಳ ನಡುವೆ ಎಪ್ಪತ್ತು ವರ್ಷ ಬಾಳಿದ ನಮ್ಮ ತಾಯಿಯವರು ಮಂಡಿನೋವಿನ ದೆಸೆಯಿಂದ ನಮ್ಮಲ್ಲಿಗೆ ಬಂದರು. ಅವರು ಬಗ್ಗದೆ ಕೈಯಾಡಿಸುವಂತೆ, ಕಲ್ಲುಕಂಬಗಳ ಮೇಲೆ ಚಪ್ಪಡಿ ಹಾಸಿಸಿ, ಸುತ್ತ ಇಟ್ಟಿಗೆಯ ಅಂಚು ಕಟ್ಟಿಸಿ ಒಂದು ಮಡಿಯನ್ನು ಮಾಡಿಸಿದೆವು. ಉದ್ದ ನಾಲ್ಕು ಮೊಳ, ಅಗಲ ಎರಡು ಮೊಳ. ಮಣ್ಣು ಮಾತ್ರ ಒಂದೇ ಗೇಣು. ಚಪ್ಪಡಿಯು ಅದಕ್ಕಿಂತ ಹೆಚ್ಚು ಹೊರಲಾರದೆಂದು ಮೇಸ್ತ್ರಿಯ ಮಾತು.

ತಾಯಿಯವರು ಮೊದಲು ಕೇಳಿದ್ದು ಕರಿಬೇವು, ಆಮೇಲೆ ನುಗ್ಗೆ. ಎರಡೂ ಬೇರನ್ನು ಆಳಕ್ಕೆ ಇಳಿಸಿ ಮರವಾಗತಕ್ಕವು. ಆದರೆ ಇದನ್ನು ಹೇಳುವುದು ಹೇಗೆ? ಇಳಿವಯಸ್ಸಿನಲ್ಲಿ ತಮ್ಮ ನೆಲವನ್ನು ಬಿಟ್ಟು ಬಂದವರಿಗೆ, “ಇಲ್ಲಿ ಬೇರಿಗೆ ಎಡೆಯಿಲ್ಲ” ಎಂಬ ಮಾತು ಗಿಡವನ್ನು ಕುರಿತದ್ದಾಗಿ ಮಾತ್ರ ಕೇಳಿಸದು.

ಉತ್ತರವನ್ನು ಬೆಟ್ಟವೇ ಕೊಟ್ಟಿತು. ಮಳೆಗಾಲದಲ್ಲಿ ಕೋಟೆಯನ್ನು ಹತ್ತಿದ ವಾಚಕರು ಬಲ್ಲರು: ಬಂಡೆಯ ತಗ್ಗಿನಲ್ಲಿ ನಾಲ್ಕು ಬೆರಳು ಮಣ್ಣು ನಿಂತರೂ ಸಾಕು, ಅಲ್ಲಿ ಹಸುರುಂಟು. ಅಲ್ಲಿ ಬಾಳುವ ಗಿಡಗಳಲ್ಲಿ ಕೆಲವು, ತೇವ ಆರುವ ಮೊದಲೇ ಹೂತು ಬೀಜ ಚೆಲ್ಲಿ ತಮ್ಮ ಬಾಳನ್ನು ಮುಗಿಸುತ್ತವೆ. ಮತ್ತೆ ಕೆಲವು ಎಲೆಯಲ್ಲಿಯೋ ಗಡ್ಡೆಯಲ್ಲಿಯೋ ನೀರನ್ನು ಕೂಡಿಟ್ಟುಕೊಳ್ಳುತ್ತವೆ. ಗೋಪಾಲಸ್ವಾಮಿ ಹೊಂಡದಲ್ಲಿ ಹೆಚ್ಚಾದ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುವಂತೆ ಮಾಡಿದ ದುರ್ಗದ ಹಿರಿಯರ ವಿವೇಕವೂ ಇದೇ ಅಲ್ಲವೆ?

ಇದರಿಂದ ಗಿಡಗಳನ್ನು ಆರಿಸುವುದು ಸುಲಭವಾಯಿತು. ಅಲ್ಪಾಯುಗಳಲ್ಲಿ ಮೆಂತ್ಯ, ದಂಟು, ಕೊತ್ತಂಬರಿ. ತಿಂಗಳು, ಒಂದೂವರೆ ತಿಂಗಳಿಗೆ ಇವು ಕೈಗೆ ಬರುತ್ತವೆ. ಕೊತ್ತಂಬರಿಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳುಮಾಡಿ ಬಿತ್ತಬೇಕು. ಬಿಸಿಲಿಗೆ ಬೇಗ ಹೂವಿಗೆ ಬರುವುದರಿಂದ ಅದನ್ನು ತಂಪುಕಾಲಕ್ಕೆ ಮೀಸಲಿಡುವುದು ಲೇಸು. ನೀರು ಕೂಡಿಡುವವುಗಳಲ್ಲಿ ದಪ್ಪ ಎಲೆಯ ದೊಡ್ಡಪತ್ರೆ, ಮತ್ತು ನಮ್ಮ ಜಿಲ್ಲೆಯ ಹೆಸರಾಂತ ಬೆಳೆಯಾದ ಈರುಳ್ಳಿ. ಈರುಳ್ಳಿಯ ಬೇರುಗಳು ಬಹುಮಟ್ಟಿಗೆ ಮೇಲುಮಣ್ಣಿನಲ್ಲಿಯೇ ಹರಡುತ್ತವೆ. ಉದ್ದ ಮೂಲಂಗಿ, ಬದನೆಗಳನ್ನು ಕೈಬಿಟ್ಟೆವು.

ಆಳವಿಲ್ಲದ ಮಣ್ಣಿಗೆ ಎರಡು ದೋಷಗಳುಂಟು: ಮಳೆಯಲ್ಲಿ ಕೆಸರು, ಬಿಸಿಲಿನಲ್ಲಿ ಹೆಂಚು. ಮೊದಲನೆಯದಕ್ಕೆ ಅಂಚಿನ ಬುಡದಲ್ಲಿ ನೀರು ಬಸಿಯಲು ತೂತುಗಳಿರಬೇಕು. ಎರಡನೆಯದಕ್ಕಾಗಿ, ಮದಕರಿಪುರದ ಕಡೆಯಿಂದ ತರಿಸಿದ ಕೆಮ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರ ಬೆರೆಸಿ, ಮೇಲೆ ತರಗೆಲೆ ಹೊದಿಸಿದೆವು. ಬೇಸಗೆಯಲ್ಲಿ ಒಮ್ಮೆಗೇ ಕೊಡ ಸುರಿಯುವುದಕ್ಕಿಂತ ಬೆಳಗು ಬೈಗು ಒಂದೊಂದು ಚೊಂಬು ಚಿಮುಕಿಸುವುದು ಮೇಲು.

ಇದೆಲ್ಲವನ್ನೂ ವಿವರಿಸಿದಾಗ ತಾಯಿಯವರು ಸುಮ್ಮನೆ ಕೇಳಿ, “ಮರ ನೆಟ್ಟು ಕಾಯುವ ವಯಸ್ಸು ನನ್ನದಲ್ಲ ಬಿಡಪ್ಪ. ಈ ತಿಂಗಳು ಬಿತ್ತಿದ್ದು ಬರುವ ತಿಂಗಳು ಸಾರಿಗೆ ಬಿದ್ದರೆ ಸಾಕು” ಎಂದರು. ಆ ಮಾತಿನ ಸಮಾಧಾನದೊಳಗೆ ನೋವೂ ಇದ್ದೀತು, ನಾನು ಕೆದಕಲಿಲ್ಲ.

ಕರಿಬೇವು ಈಗ ನೆರೆಮನೆಯಿಂದ ಬರುತ್ತದೆ. ನಮ್ಮಿಂದ ಅಲ್ಲಿಗೆ ಮೆಂತ್ಯಸೊಪ್ಪು ಹೋಗುತ್ತದೆ. ತಂದುಕೊಡುವ ಹುಡುಗರಿಗೆ ನಮ್ಮ ತಾಯಿಯವರ ಹೆಸರು ಗೊತ್ತಿಲ್ಲ. ಬೀದಿಯಲ್ಲೆಲ್ಲ ಅವರು ‘ಮೆಂತ್ಯದಜ್ಜಿ’.